ತಿಮಿಂಗಿಲದ ಬಾಲದ ಕೆಂಪು ಬಟ್ಟೆ

ಹಾಸಿಕ್ ಊರಿನ ಥುರಯ್ಯಾ ದಿನಾ ಸಂಜೆ ಕಾಡಿಗೆ ತೀಡ್ಕೊಂಡು ಕಡಲ ಕಡೆ ಮುಖ ಮಾಡಿ ಕೂರೋಳು. ಮೀನಿಗೆ ಹೋಗಿದ್ದ ಗಂಡ ಮುಸಲ್ಲಮ್ ತಿರುಗಿ ಬಂದಿರಲಿಲ್ಲ, ಖಾಲಿ ದೋಣಿ ಮಾತ್ರ ಬಂದಿತ್ತು. ಹೆಣ ಸಿಗದೆ ವಿಧವೆ ಆಗೋದು ಹೆಂಗೆ? ಗಂಡ ಇಲ್ಲದೋಳಿಗೆ ಕಾಡಿಗೆ ಯಾಕೆ ಅಂತ ಊರು ಆಡ್ಕೊಂಡ್ರೆ, "ಅವನು ಬಂದಾಗ ನಾನು ಕೋತಿ ಥರ ಕಾಣಬೇಕಾ?" ಅನ್ನೋಳು.

ಮಸ್ಕತ್ತಿಂದ ತಿಮಿಂಗಿಲ ಎಣಿಸೋಕೆ ರಯ್ಯಾ ಬಂದ್ಲು. ಈ ಕಡಲು ಬಿಟ್ಟು ಎಲ್ಲೂ ಹೋಗದ ಜಾತಿ, ಉಳಿದಿರೋದು ನೂರೂ ಇಲ್ಲವಂತೆ. ಬಾಲದ ಅಡಿಯ ಕಲೆ ನೋಡಿ ಯಾವುದು ಬದುಕಿದೆ ಅಂತ ಗುರುತಿಡ್ತಾಳೆ. ಒಂದರ ಬಾಲಕ್ಕೆ ಬಲೆಹಗ್ಗ ಸುತ್ಕೊಂಡಿದೆ, ಜರಿ ಅಂಚಿನ ಕೆಂಪು ಬಟ್ಟೆಯೂ ಇದೆ ಅಂದ್ಲು.

ಅಲ್ಲಿಯ ಗಂಡಸರು ತಮ್ಮ ಬಲೆ ಗುರುತಿಗೆ ಹೆಂಡತಿ ಉಡುಪಿನ ಚೂರು ಕಟ್ತಾರೆ. ಕೆಂಪು, ಜರಿ ಅಂಚು ಅಂದ್ರೆ ಅದು ಥುರಯ್ಯಾಳ ಮದುವೆ ಉಡುಪು!

ರಯ್ಯಾ ಜೊತೆ ಮೈದುನ ಬಖೀತನ ದೋಣಿ ಹತ್ತಿದ್ಲು.

"ಅತ್ತಿಗೆ, ನೀವು ಹತ್ತಿದ್ರೆ ದೋಣಿ ಮುಳುಗತ್ತೆ."

"ನಿನ್ನ ಹೊಟ್ಟೆಗಿಂತ ಹಗುರ ಇದೀನಿ ಕಣೋ, ನಡೆಸು!"

ರಯ್ಯಾ ನೀರೊಳಗಿನ ಸದ್ದು ಹಿಡಿಯೋ ಯಂತ್ರ ಇಳಿಸಿದ್ಲು. ಏಳು ಕಡಲಿನ ಹೆಣಗಳೆಲ್ಲ ಒಟ್ಟಿಗೆ ನರಳಿದಂಗೆ ಹಾಡು ಬಂತು. ಆಮೇಲೆ ಆ ತಿಮಿಂಗಿಲ ಎದ್ದಿತು. ಬೆನ್ನ ಮೇಲೆ ಮಸೀದಿ ಕಟ್ಟಿ ಸಂತೆ ಸೇರಿಸಬಹುದು, ಅಷ್ಟು ದೊಡ್ಡದು! ಬಖೀತ್ ಉದ್ದ ಕೋಲಿನ ಚಾಕುವಿಂದ ಹಗ್ಗ ಕೊಯ್ದು, ಕೆಂಪು ಬಟ್ಟೆ ಸಮೇತ ದೋಣಿಗೆ ಎಳೆದ.

ಹಗ್ಗದ ತುದೀಲಿ ಒಂದು ಕುಣಿಕೆ. ಬಲೆ ಬಿಟ್ಟು ತೂಕಡಿಸುವಾಗ, ಮೀನು ಬಿದ್ರೆ ಎಚ್ಚರ ಆಗಲಿ ಅಂತ ಹಗ್ಗದ ತುದೀನ ಮಣಿಕಟ್ಟಿಗೆ ಕಟ್ಕೊಳ್ಳೋದು ಅವರ ರೂಢಿ. ಕುಣಿಕೆ ಬಿಚ್ಚಿರಲಿಲ್ಲ, ಹರಿದೂ ಇರಲಿಲ್ಲ. ಒಳಗೆ ಕೈ ಮಾತ್ರ ಇರಲಿಲ್ಲ.

"ಬಿಡಿಸ್ಕೊಂಡಿರ್ತಾನೆ ಅತ್ತಿಗೆ," ಬಖೀತ್ ತೊದಲಿದ. "ಎಲ್ಲೋ ದಡ ಸೇರಿರ್ತಾನೆ."

ಥುರಯ್ಯಾ ತನ್ನ ಕೈ ತೂರಿಸಿ ನೋಡಿದ್ಲು. ಬೆರಳ ಗಿಣ್ಣಿನಲ್ಲೇ ಸಿಕ್ಕಿಬಿತ್ತು.

"ನಂದೇ ಹೋಗ್ತಿಲ್ಲ. ಅವನ ಕೈ ಹಲಗೆ ಥರ ಇತ್ತಲ್ಲೋ! ಬಿಡಿಸ್ಕೊಳ್ಳೋದೆಲ್ಲಿ ಬಂತು?"

ಬಾಲ ಮೇಲೆದ್ದಾಗ ರಯ್ಯಾ ಮೆಲ್ಲಗೆ, "ಇದು ಬದುಕ್ಕೊಳ್ಳತ್ತೆ," ಅಂದ್ಲು.

"ಬದುಕಲಿ ಬಿಡು. ಇಷ್ಟು ದಿನ ಅವನನ್ನ ಹೊತ್ತಿದೆ, ಪಾಪ," ಅಂದು ಥುರಯ್ಯಾ ಬಗ್ಗಿ ಕಡಲ ನೀರಲ್ಲಿ ಕಾಡಿಗೆ ತೊಳ್ಕೊಂಡ್ಲು. ಉಪ್ಪಿಗೆ ಕಣ್ಣು ಉರೀತು. ಅದಕ್ಕೇ ನೀರು ಬಂತು ಅಂದ್ಕೊಂಡ್ಲು.

ರಯ್ಯಾ ಯಂತ್ರ ಮೇಲೆತ್ತಿ ಆರಿಸಿದ್ಲು. ದೋಣಿಯ ಹಲಗೆ ಮಾತ್ರ ಥುರಯ್ಯಾಳ ಕಾಲಡಿ ನರಳ್ತಾನೇ ಇತ್ತು, ದಡ ಮುಟ್ಟೋವರೆಗೂ.