ಮೊದಲ ತುತ್ತು ಟೀಚರದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಸುಳ್ಳಲ್ಲ. ಎಪ್ಪತ್ತಾರರಲ್ಲಿ ಚಿಕ್ಕಜಾಜೂರಿನಲ್ಲಿ ನಾನು ಮೂರನೇ ಕ್ಲಾಸಿನ ಟೀಚರಾಗಿದ್ದಾಗ ಆ ಸಿಟ್ಟೇ ನನ್ನನ್ನು ಸಿಕ್ಕಿಸಿ ಹಾಕಿತು.

ಪ್ರತಿ ಶುಕ್ರವಾರ ಕ್ಲಾಸಿನಲ್ಲಿ ಶಾರದಾ ಪೂಜೆ. ಸರದಿಯ ಪ್ರಕಾರ ಒಂದೊಂದು ಮಗು ಮಂಡಕ್ಕಿ, ಹುರಿಗಡಲೆ ತಂದು ಎಲ್ಲರಿಗೂ ಹಂಚಬೇಕು. ಜುಲೈನಲ್ಲಿ ಓಬಕ್ಕನ ಸರದಿ ಬಂತು. ಊರಾಚೆಯ ಕೇರಿಯಿಂದ ಮೂರನೇ ಕ್ಲಾಸಿನವರೆಗೆ ಬಂದ ಮೊದಲ ಹೆಣ್ಣುಮಗಳು ಅವಳು. ತಾಯಿ ಮುದ್ದಕ್ಕ ಸ್ಟೇಷನ್ನಿನಲ್ಲಿ ಕಲ್ಲಿದ್ದಲು ಹೊರುತ್ತಿದ್ದಳು. ಓಬಕ್ಕ ಹಂಚಿದ ಮಂಡಕ್ಕಿಯನ್ನು ಮಕ್ಕಳೆಲ್ಲ ಎರಡೂ ಕೈ ಒಡ್ಡಿ ಭಕ್ತಿಯಿಂದಲೇ ತೆಗೆದುಕೊಂಡವು. ಗಂಟೆ ಹೊಡೆದ ಮೇಲೆ ಹೊರಗೆ ಹೋಗಿ ನೋಡುತ್ತೇನೆ, ಕಿಟಕಿಯ ಕೆಳಗೆ ಅಷ್ಟೂ ಮಂಡಕ್ಕಿ ಬಿದ್ದಿದೆ. ಕಾಗೆಗಳು ತಿನ್ನುತ್ತಿವೆ. ಓಬಕ್ಕ ನಿಂತು ನೋಡುತ್ತಿದ್ದಾಳೆ.

ಕೈಗೆ ಸಿಕ್ಕವನು ಮೂಡಲಗಿರಿ. "ಯಾಕೋ ಎಸೆದೆ?" ಎಂದೆ.

"ಇವತ್ತು ನಂದು ಒಪ್ಪತ್ತು ಟೀಚರ್."

"ಕೋಡುಬಳೆ ಬಾಯಾಗಿಟ್ಕಂಡು ಎಂಥ ಒಪ್ಪತ್ತೋ ನಿಂದು?" ಎಂದು ಕಿವಿ ಹಿಂಡಿದೆ. ಕಿವಿ ಕೆಂಪಾಯಿತು, ಅಷ್ಟೇ.

ಸೋಮವಾರ ಓಬಕ್ಕ ಬರಲಿಲ್ಲ. ಮಂಗಳವಾರವೂ ಇಲ್ಲ. ಸಂಜೆ ನಾನೇ ಅವರ ಮನೆಗೆ ಹೋದೆ. ಮುದ್ದಕ್ಕ ತಲೆಯ ಸಿಂಬಿ ತೆಗೆಯುತ್ತ, "ಬಿಡ್ರವ್ವ. ಕಾಗೆಗೆ ಹಾಕಾಕೆ ಅಷ್ಟು ದೂರ ಯಾಕೆ ಕಳಿಸ್ಬೇಕು? ಮನೆ ಮುಂದೇನೇ ಕಾಗೆ ಅವೆ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ. "ನನ್ನ ಕ್ಲಾಸಲ್ಲಿ ಯಾರು ಏನೇ ತರಲಿ, ಮೊದಲ ತುತ್ತು ನಂದು. ಆಮೇಲೆ ಎಲ್ಲರೂ ತಿನ್ಬೇಕು" ಎಂದೆ.

ಬಾಗಿಲ ಸಂದಿಯಿಂದ ಓಬಕ್ಕ ಕೇಳಿದಳು. "ಏನು ತಂದ್ರೂನಾ ಟೀಚರ್?"

"ಏನು ತಂದ್ರೂ."

"ನೀವು ತಿನ್ನದಿದ್ರೆ?"

"ತಿನ್ನದಿದ್ರೆ ನೀನು ಸ್ಕೂಲಿಗೆ ಬರೋದೇ ಬೇಡ, ಹೋಗು."

ಹೆಡ್‌ಮಾಸ್ಟರ್ ಶಿವಕುಮಾರಪ್ಪನವರಿಗೆ ಇದನ್ನು ಹೇಳಿದಾಗ ಅವರು ಹಣೆ ಉಜ್ಜಿಕೊಂಡರು. "ಏನು ತಂದ್ರೂ ಅಂದ್ರಾ? ಚಂದ್ರಮ್ಮೋರೆ, ಬಾಯಿ ಬಿಡೋಕೆ ಮುಂಚೆ ನನ್ನೊಂದು ಮಾತು ಕೇಳಬಾರದಿತ್ತೇನ್ರಿ?"

ಓಬಕ್ಕ ಮತ್ತೆ ಸ್ಕೂಲಿಗೆ ಬಂದಳು. ಐದು ತಿಂಗಳು ಏನೂ ತೊಂದರೆಯಾಗಲಿಲ್ಲ. ರಂಜಾನ್ ಮುಗಿದ ಮೇಲೆ ಜಟಕಾ ಸಾಬರ ಮಗ ಬಾಷಾ ಕ್ಯಾರಿಯರಿನಲ್ಲಿ ಸುರಕುಂಬ ತಂದ. ಹಾಲು, ಶಾವಿಗೆ, ದ್ರಾಕ್ಷಿ. ಮೊದಲ ಚಮಚ ನಾನು ಕುಡಿದೆ. ಮೂಡಲಗಿರಿ ಎರಡು ಸಲ ಲೋಟ ಒಡ್ಡಿದ. ನನಗೂ ಸ್ವಲ್ಪ ಕೊಬ್ಬು ಬಂತು. ಎಲ್ಲ ದೇವರೂ ಒಂದೇ ಎಂದು ಅರ್ಧ ಗಂಟೆ ಭಾಷಣ ಬಿಗಿದೆ.

ಡಿಸೆಂಬರ್ ಇಪ್ಪತ್ನಾಲ್ಕು, ಶುಕ್ರವಾರ. ರೈಲ್ವೆ ಗಾರ್ಡ್ ಸಾಹೇಬರ ಮಗಳು ಫಿಲೋಮಿನಾ ಬಿಸ್ಕತ್ತಿನ ಡಬ್ಬ ತಂದು ಮೇಜಿನ ಮೇಲಿಟ್ಟಳು. "ನಾಳೆ ಕ್ರಿಸ್‌ಮಸ್ ಟೀಚರ್. ಮಮ್ಮಿ ನಮ್ಮ ಕ್ಲಾಸಿಗೇ ಅಂತ ಕೇಕ್ ಮಾಡಿದ್ರು."

ಮೂಡಲಗಿರಿ ಮೂಗು ತಂದು ಡಬ್ಬಕ್ಕಿಟ್ಟ. "ಇದ್ರಾಗೆ ಮೊಟ್ಟೆ ಐತೇನೆ?"

"ಆರು ಐತೆ" ಎಂದಳು ಫಿಲೋಮಿನಾ, ಬಹಳ ಹೆಮ್ಮೆಯಿಂದ.

ನಮ್ಮದು ಲಿಂಗವಂತರ ಮನೆ. ನಮ್ಮತ್ತೆ ಮೊಟ್ಟೆಯ ಹೆಸರನ್ನೂ ಬಾಯಲ್ಲಿ ಆಡುತ್ತಿರಲಿಲ್ಲ, 'ಆ ಬಿಳೀದು' ಎನ್ನುತ್ತಿದ್ದರು. ಆ ಬಿಳೀದು ಆರು ಬಿದ್ದಿದ್ದ ಕೇಕಿನ ತುಂಡು ನನ್ನ ಮುಂದೆ ಬಂತು. ನಲವತ್ತು ಮಕ್ಕಳು ನನ್ನ ಬಾಯನ್ನೇ ನೋಡುತ್ತಿದ್ದವು.

"ಇವತ್ತು ನಂದು ಒಪ್ಪತ್ತು ಕಣಮ್ಮ" ಎಂದೆ.

ಮೂಡಲಗಿರಿ ನಗಲೂ ಇಲ್ಲ. "ಅವತ್ತು ನಾನೂ ಹಂಗೇ ಅಂದಿದ್ದೆ ಟೀಚರ್" ಎಂದ.

ಓಬಕ್ಕ ಸ್ಲೇಟನ್ನು ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೇರಿಸಿ ನಿಂತಳು. ಅವಳಿಗೆ ಸಿಟ್ಟು ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ಹೀಗೇ ಆಗುವುದೆಂದು ಮೊದಲೇ ಗೊತ್ತಿದ್ದವಳ ಹಾಗೆ ನೋಡಿದಳು. ನಾಚಿಕೆಯಿಂದ ನನಗೆ ಕಣ್ಣಲ್ಲಿ ನೀರು ಬಂತು. ತುಂಡನ್ನು ತೆಗೆದು ಬಾಯಿಗೆ ಹಾಕಿಕೊಂಡೆ.

ಹಾಳಾದ್ದು, ಎಷ್ಟು ರುಚಿಯಾಗಿತ್ತು ಅಂತೀರಿ. ಎರಡನೇ ತುಂಡನ್ನು ಯಾರೂ ಒತ್ತಾಯ ಮಾಡದೆಯೇ ತಿಂದೆ. ಓಬಕ್ಕ ಚೀಲ ಇಳಿಸಿ ತನ್ನ ಪಾಲಿಗೆ ಕೈ ಒಡ್ಡಿದಳು. ಮನೆಗೆ ಹೋಗುವಾಗ ಸ್ಟೇಷನ್ನಿನ ನಲ್ಲಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದೆ. ನಮ್ಮತ್ತೆಗೆ ಅವರು ಇರುವವರೆಗೂ ಹೇಳಲಿಲ್ಲ.

ಹೊಸ ವರ್ಷದ ಮೊದಲ ಶುಕ್ರವಾರದ ಸರದಿಯನ್ನು ಮತ್ತೆ ಓಬಕ್ಕನಿಗೇ ಕೊಟ್ಟೆ. ಹಿಂದಿನ ದಿನ ಬಂದು ಮೇಜಿನ ಅಂಚು ಕೆರೆಯುತ್ತ ನಿಂತಳು. "ಟೀಚರ್, ಈ ಸಲ ಅವ್ವ ಮನೇಲಿ ಮಾಡಿದ್ದು ತರ್ಲಾ?"

"ತಾರಮ್ಮ" ಎಂದೆ. ಎಂದ ಮೇಲೆ ಹೊಳೆಯಿತು. ಕಾಗೆಗೆ ಬಿದ್ದ ಮಂಡಕ್ಕಿ ಅಂಗಡಿಯಿಂದ ತಂದದ್ದು. ಅಂಗಡಿಯವನು ಕಟ್ಟಿಕೊಟ್ಟ ಪೊಟ್ಟಣವನ್ನು ಮುದ್ದಕ್ಕ ಬಿಚ್ಚಿಯೂ ಇರಲಿಲ್ಲ. ತನ್ನ ಕೈಯ ಅಡುಗೆಯನ್ನು ಕಳಿಸುವ ಧೈರ್ಯ ಅವಳಿಗೆ ಎಂದೂ ಬಂದಿರಲಿಲ್ಲ. ಅಷ್ಟು ಭಾಷಣ ಬಿಗಿದ ನಾನು ಅದನ್ನು ಕೇಳಿಯೂ ಇರಲಿಲ್ಲ.

ಶುಕ್ರವಾರ ಅಲ್ಯೂಮಿನಿಯಂ ಪಾತ್ರೆಯಲ್ಲಿ ನಿಂಬೆಹಣ್ಣಿನ ಗಾತ್ರದ ನಲವತ್ತೊಂದು ರಾಗಿಮುದ್ದೆ, ಒಂದು ಕ್ಯಾನಿನಲ್ಲಿ ಹುರುಳಿಸಾರು ಬಂದವು. ಮುದ್ದಕ್ಕ ಕೆಲಸಕ್ಕೆ ಹೋಗದೆ, ಒಳಗೂ ಬಾರದೆ, ಗೇಟಿನ ಹತ್ತಿರ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಸಾರಿನ ವಾಸನೆಗೆ ತಡೆಯಲಾರದೆ ಮೂಡಲಗಿರಿ ಸಾಲು ಬಿಟ್ಟು ಎದ್ದು ಪಾತ್ರೆಗೇ ಕೈ ಹಾಕಿದ.

ಓಬಕ್ಕ ಸೌಟಿನಿಂದ ಅವನ ಕೈಗೊಂದು ಬಿಟ್ಟಳು. "ಟೀಚರ್ ತಿಂದ್ಮ್ಯಾಲೆ ಕಣೋ. ಹೋಗಿ ಕುಂತ್ಕ."