ಇಸ್ಫಹಾನಿನ ಗುಮ್ಮಟ ಎಷ್ಟು ಸಲ ಕೂಗಿತು?

ಲಂಡನ್ನಿನ ಇಲ್ಫರ್ಡ್‌ನಿಂದ ಇರಾನಿನ ಇಸ್ಫಹಾನಿಗೆ ಹೋಗಿ, ಅಲ್ಲಿನ ದೊಡ್ಡ ಮಸೀದಿಯ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿ, ನಮ್ಮ ವಿಜಾಪುರವನ್ನು ಗೆಲ್ಲಿಸಿ ಬಂದ ಗಂಡು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇಲ್ಲ ತಾನೇ? ಈ ಶಶಿಧರ ಕಾಲಿಟ್ಟರೆ ಇತಿಹಾಸವೇ ಎದ್ದು ನಿಂತು ಸಲಾಂ ಹೊಡೆಯುತ್ತದೆ!

ಅದು 2003. ಕಾಲೇಜಿನ ಪ್ರವಾಸ. ನೀಲಿ ಹೆಂಚಿನ ಗೋಡೆಗಳನ್ನು ನೋಡಿದೆ, ತಾಮ್ರದ ತಟ್ಟೆಗೆ ಚಿತ್ರ ಕೆತ್ತುವವರ ಬಜಾರು ಸುತ್ತಿದೆ. ಆದರೆ ಮುತ್ಯಾ ನನಗೆ ವಹಿಸಿದ್ದು ಒಂದೇ ಕೆಲಸ: ಆ ಗುಮ್ಮಟದ ಮರುದನಿ ಎಣಿಸಿಕೊಂಡು ಬರುವುದು. ಮುತ್ಯಾ ಅಂದರೆ ನನ್ನ ತಂದೆಯ ತಂದೆ ಮುರಿಗೆಪ್ಪ, ವಿಜಾಪುರದ ಗೋಲಗುಮ್ಮಟದಲ್ಲಿ ಮೂವತ್ತು ವರ್ಷ ಕಾವಲುಗಾರನಾಗಿದ್ದವನು. ಒಂದು ಚಪ್ಪಾಳೆಗೆ ಏಳು ಮರುದನಿ ಎಂದು ಪ್ರವಾಸಿಗರಿಗೆ ತಟ್ಟಿ ತೋರಿಸುತ್ತಿದ್ದವನು; ಆಗ ಇಲ್ಫರ್ಡ್‌ನಲ್ಲಿ ನಮ್ಮ ಜೊತೆಗಿದ್ದ.

ನಾನು ಮರಳಿದ ಸಂಜೆ ಅವನು ಹಾಸಿಗೆಯಲ್ಲಿ ಎದ್ದು ಕುಳಿತ. ಮರುದಿನ ಅವನಿಗೆ ಹೃದಯದ ಆಪರೇಷನ್ ಇತ್ತು.

"ಎಷ್ಟ ಸಲ ಬಂತೋ?"

"ಬರೇ ಐದು, ಮುತ್ಯಾ! ನಿನ್ನ ಗುಮ್ಮಟದ ಮುಂದ ಅದು ಬಚ್ಚಾ!"

ಅವನು ನಗಲಿಲ್ಲ. ದಿಂಬಿನ ಕೆಳಗಿನಿಂದ ಒಂದು ಪತ್ರ ತೆಗೆದ.

"ಎಪ್ಪತ್ನಾಲ್ಕರಾಗ ಇಸ್ಫಹಾನದಿಂದ ಹೆಂಚಿಗೆ ಬಣ್ಣ ಬರಿಯಾಂವ ಒಬ್ಬ ಗೋಲಗುಮ್ಮಟಕ್ಕ ಬಂದಿದ್ದ. 'ನಮ್ಮೂರಾಗ ಇದಕ್ಕಿಂತ ಹೆಚ್ಚ ಕೇಳ್ತದ' ಅಂದ. ನಾ ಎಲ್ಲಾರ ಮುಂದ ಅವನ್ನ ಸುಳ್ಳಪ್ಪ ಅಂದೆ. ಮಂದಿ ಎಲ್ಲಾ ನಕ್ಕರು. ಪಾಪ, ಅಂವಾ ತನ್ನ ವಿಳಾಸ ಬರದ ಕೊಟ್ಟು, 'ಬಂದ ಕೇಳಿ ಹೋಗು' ಅಂತ ಹೇಳಿ ಇಳದ ಹೋದ."

"ಮತ್ತ ಈ ಪತ್ರ?"

"'ತಪ್ಪಾತು' ಅಂತ ನಿಮ್ಮವ್ವನ ಕಡಿಂದ ಇಂಗ್ಲಿಷ್‌ನಾಗ ಬರಸೀನಿ. ನಾಳೆ ಏನಾಗ್ತದೋ ಯಾರಿಗ್ಗೊತ್ತು. ಆದ್ರ ನೀ ಐದ ಅಂದಿ. ಹಂಗಾರ ಅಂವಾ ಹೇಳಿದ್ದು ಸುಳ್ಳ. ಇದರ ಕೆಲಸ ಇಲ್ಲ."

ಹರಿಯಲೆಂದು ಪತ್ರವನ್ನು ಎರಡೂ ಕೈಯಲ್ಲಿ ಹಿಡಿದ. ಗೆದ್ದವನ ಮುಖವಲ್ಲ ಅದು. ನಾನು ಪತ್ರ ಕಸಿದುಕೊಂಡೆ.

"ಯಾಕಲೇ ಮಂಗ್ಯಾ? ಇನ್ನ್ಯಾವ ಡೈಲಾಗ್ ಉಳದದ?"

ಮಂಚದ ಅಂಚಿಗೆ ಕುಳಿತೆ.

"ಐದಲ್ಲ, ಮುತ್ಯಾ. ಏಳಾತು, ಎಂಟಾತು, ನಿಲ್ಲವಲ್ದು. ನೀ ಸೋತಿ ಅನ್ನೂದು ನನಗ ಕೇಳಾಕ ಆಗ್ಲಿಲ್ಲ. ಹನ್ನೊಂದಕ್ಕ ನಾನೇ ಕಿವಿ ಮುಚ್ಚಿಕೊಂಡೆ."