ಎರಡು ಸಲ ಒತ್ತಿದ ಬೂದಿಮುದ್ರೆ

1

2025ರ ಜೂನ್ 12, ಗುರುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ.

ಹೀಗೆ ಶುರು ಮಾಡಬಹುದೇ? ತಾರೀಕು, ವಾರ, ಗಂಟೆ ಕೊಟ್ಟರೆ ಓದುವವರು ಅರ್ಧ ನಂಬಿಬಿಡುತ್ತಾರೆ. ಎಫ್‌ಐಆರ್ ಹೀಗೇ ಶುರುವಾಗುತ್ತದೆ. ಸುಳ್ಳು ಎಫ್‌ಐಆರ್ ಕೂಡ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನನ್ನ ಮೇಜಿನ ಮೇಲಿನ ಗಡಿಯಾರ ಮೂರು ನಿಮಿಷ ಮುಂದಿದೆ, ಅದನ್ನು ಕಳೆದೇ ಬರೆದಿದ್ದೇನೆ. ಇಷ್ಟು ಅಚ್ಚುಕಟ್ಟಾದ ಮನುಷ್ಯನನ್ನು ನೀವು ನಂಬಬೇಕು.

(ನಂಬಬೇಡಿ. ಕಾರಣ ಐದನೆಯ ತುಂಡಿನಲ್ಲಿದೆ. ಅಲ್ಲಿಗೆ ಈಗಲೇ ಹಾರಿದರೆ ನಿಮ್ಮ ಮೇಲೂ ನನಗೆ ಅನುಮಾನ ಬರುತ್ತದೆ.)

2

ಚಿಕ್ಕಮಗಳೂರಿನಲ್ಲಿ ತೋಟದ ಕಾಫಿಯನ್ನು ಹೊಟ್ಟು ಬಿಡಿಸಿ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕಾಫಿಯ ತೇವಾಂಶ ಅಳೆಯುತ್ತಿದ್ದೇನೆ. ತೋಟಗಳಿಂದ ಬರುವ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ಬಿಡಿಸದ ಕಾಫಿಬೀಜ, ಎಷ್ಟು ಒಣಗಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಕೆಲಸ. ಎಂ.ಎಸ್ಸಿ. ಕೆಮಿಸ್ಟ್ರಿ. ಬಿಡುವಿದ್ದಾಗ ಕತೆ. ಜೂನ್ ತಿಂಗಳಲ್ಲಿ ಬಿಡುವು ಜಾಸ್ತಿ.

ಈಗ ನನ್ನೆದುರು ಸ್ಟೂಲಿನ ಮೇಲೆ ಕೂತಿರುವವಳು ಭುವನಾ, ನನ್ನ ಅಕ್ಕನ ಮಗಳು, ಹದಿನೆಂಟು ವರ್ಷ. ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಘಟ್ಟದ ಕೆಳಗಿನ ಒಂದು ಕಾಲೇಜಿನಲ್ಲಿ ಮೂರು ವರ್ಷದ ಕ್ರಿಮಿನಲ್ ಜಸ್ಟಿಸ್ ಡಿಗ್ರಿಗೆ ಅವಳಿಗೆ ಸೀಟು ಸಿಕ್ಕಿದೆ. ಇವತ್ತು ಸಂಜೆ ಐದು ಗಂಟೆಯೊಳಗೆ ಫೋನಿನಲ್ಲಿ ಒಂದು ಗುಂಡಿ ಒತ್ತಿ ಖಚಿತಪಡಿಸದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ.

ಅವಳ ಅಪ್ಪ ಮಲ್ಲೇಶ್ ಭಾವನಿಗೆ ಎಂ.ಜಿ. ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ನಿನ್ನೆ ಅವರು ಹೇಳಿದ್ದು:

"ಅಲ್ಲ ಮಾರಾಯ, ಬೋಲ್ಟು ನಟ್ಟಿನ ವಿಷಯ ಆದ್ರೆ ನಾನು ಹೇಳ್ತಿದ್ದೆ. ಈ ಡಿಗ್ರಿ ಹಿಡ್ಕೊಂಡು ಹೋದ್ರೆ ಕೆಲ್ಸ ಯಾವನು ಕೊಡ್ತಾನೆ? ಪೊಲೀಸಾ, ಕೋರ್ಟಾ, ಜೈಲಾ? ನೀನು ಓದಿದೋನು. ಒಂದು ಪೇಜ್ ಬರ್ದು ಕೊಡು, ಸೇರಿಸ್ಬೇಕೋ ಬೇಡ್ವೋ ಅಂತ. ನೀನು ಎಂತ ಹೇಳ್ತೀಯೋ ಅದೇ ಫೈನಲ್."

ಒಂದು ಪೇಜು ಕೇಳಿದವರಿಗೆ ಕತೆ ಬರೆಯುತ್ತಿದ್ದೇನೆ. ಇದರಲ್ಲೇ ಏನೋ ಮೋಸವಿದೆ ಎಂದು ನೀವು ಊಹಿಸಿದ್ದರೆ ಸರಿ.

2 (ಬಿಟ್ಟುಬಿಟ್ಟ ಕರಡು)

ಪ್ರಿಯ ಭಾವ,

ಕಾಲೇಜಿನ ಬ್ರೋಷರ್ ಮೂರು ಸಲ ಓದಿದೆ. ಮುಖಪುಟದ ಹುಡುಗಿ ಬೆರಳಚ್ಚಿನ ಮೇಲೆ ಭೂತಗನ್ನಡಿ ಹಿಡಿದು ಕ್ಯಾಮೆರಾ ಕಡೆ ನಗುತ್ತಿದ್ದಾಳೆ. ಬೆರಳಚ್ಚನ್ನು ಯಾರೂ ನೋಡುತ್ತಿಲ್ಲ. "ಶೇ. 92 ವಿದ್ಯಾರ್ಥಿಗಳಿಗೆ ಉದ್ಯೋಗ" ಎಂದಿದೆ. ಎಷ್ಟು ಜನರಲ್ಲಿ, ಯಾವ ಉದ್ಯೋಗ, ಯಾವ ವರ್ಷ, ಎಂಬುದಿಲ್ಲ. ಹದಿಮೂರು ಜನರಲ್ಲಿ ಹನ್ನೆರಡು ಮಂದಿ ಮಾಲ್‌ಗಳಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆದರೂ ಶೇ. 92 ಬರುತ್ತದೆ. ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಓಡಲು, ಹಾರಲು ಬರಬೇಕು. ವಕೀಲಳಾಗಬೇಕಾದರೆ ಕಾನೂನನ್ನು ಬೇರೆಯಾಗಿಯೇ ಓದಬೇಕು. ವಿಧಿವಿಜ್ಞಾನದ ಲ್ಯಾಬಿಗೆ ಕೆಮಿಸ್ಟ್ರಿ, ಬಯಾಲಜಿ ಓದಿದವರು ಬೇಕು. ಹಾಗಾಗಿ ಈ ಡಿಗ್ರಿ ಎಲ್ಲ ಬಾಗಿಲುಗಳ ಹತ್ತಿರಕ್ಕೂ ಕರೆದೊಯ್ಯುತ್ತದೆ, ಯಾವುದರ ಬೀಗದ ಕೈಯನ್ನೂ ಕೊಡುವುದಿಲ್ಲ. ಬಿ.ಎಸ್ಸಿ.ಗೆ ಸೇರಿಸಿ.

(ಚೆನ್ನಾಗಿದೆಯಲ್ಲ? ಪ್ರತಿ ವಾಕ್ಯವನ್ನೂ ಸಮರ್ಥಿಸಬಲ್ಲೆ. ಆದರೂ ಹರಿದು ಹಾಕಿದೆ, ಯಾಕೆಂದರೆ ಇದು ಸಾಮಾನ್ಯ ಹುಡುಗಿಯೊಬ್ಬಳಿಗೆ ಬರೆದ ಉತ್ತರ. ಭುವನಾ ಈ ಡಿಗ್ರಿ ಕೇಳುತ್ತಿರುವುದಕ್ಕೆ ಕಾರಣ ಬ್ರೋಷರ್ ಅಲ್ಲ. ಅವಳು ಒಂದು ಕೇಸು ಪತ್ತೆ ಮಾಡಿದ್ದಾಳೆ.)

3

2024ರ ಜನವರಿ. ಭುವನಾ ಸಂಕ್ರಾಂತಿ ರಜೆಗೆ ಮೂಡಿಗೆರೆ ಹತ್ತಿರ ದೊಡ್ಡಪ್ಪ ಬಸವರಾಜಪ್ಪನವರ ಎಸ್ಟೇಟಿಗೆ ಹೋಗಿದ್ದಳು. ಕೊಯ್ಲಿನ ನಡುವೆ ಬರಬಾರದ ಮಳೆ ಬರುವ ಸೂಚನೆ ಕಂಡಿತು. ಕಣದಲ್ಲಿ ಅರ್ಧ ಒಣಗಿದ್ದ ಪಾರ್ಚ್‌ಮೆಂಟನ್ನು ಗಡಿಬಿಡಿಯಲ್ಲಿ ಚೀಲಕ್ಕೆ ತುಂಬಿ ತೂಗಿದರು: ಐವತ್ತು ಕೆ.ಜಿ.ಯ ಇಪ್ಪತ್ತೆಂಟು ಚೀಲ. ಮಳೆ ಹೋದ ಮೇಲೆ ಮತ್ತೆ ಹರಡಿ, ನಾಲ್ಕು ದಿನ ಒಣಗಿಸಿ, ಮತ್ತೆ ತುಂಬಿದರು: ಇಪ್ಪತ್ತಾರು ಚೀಲ.

ಎರಡು ಚೀಲ ಎಲ್ಲಿ?

ಆ ತೋಟದಲ್ಲಿ ಹಳೆಯ ಪದ್ಧತಿಯೊಂದಿದೆ. ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಾರೆ. ರಾಶಿಯ ಸುತ್ತ ನೆಲದ ಮೇಲೆ ಜರಡಿ ಹಿಡಿದ ಬೂದಿಯನ್ನು ಬಳೆಯ ಹಾಗೆ ಹಾಕಿ, "ಬ" ಅಕ್ಷರ ಕೆತ್ತಿದ ಮರದ ಅಚ್ಚನ್ನು ಗೇಣಿಗೊಂದರಂತೆ ಒತ್ತುತ್ತಾರೆ. ಬೂದಿ ತುಳಿಯದೆ ರಾಶಿ ಮುಟ್ಟಲಾಗದು. ಅಚ್ಚು ಇರುವುದು ರೈಟರ್ ಹತ್ತಿರ. ರೈಟರ್ ಎಂದರೆ ನನ್ನಂಥವನಲ್ಲ, ತೋಟದ ಲೆಕ್ಕ ಬರೆಯುವ ಗುಮಾಸ್ತ. ಆಗ ಶಶಿಕಿರಣ್ ಎಂಬಾತ ಇದ್ದ.

ಭುವನಾ ಪ್ರತಿದಿನ ಬೆಳಿಗ್ಗೆ ಮುದ್ರೆಗಳ ಫೋಟೋ ತೆಗೆಯುತ್ತಿದ್ದಳು, ಚಂದ ಕಾಣುತ್ತದೆ ಎಂದು. ಚೀಲ ಕಡಿಮೆಯಾದಾಗ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಳು. ಒಣಗಿಸಿದ ಆ ನಾಲ್ಕು ದಿನಗಳಲ್ಲಿ ಎರಡನೆಯ ಬೆಳಗಿನ ಫೋಟೋದಲ್ಲಿ, ಉತ್ತರದ ಮೂಲೆಯ ನಾಲ್ಕು ಮುದ್ರೆಗಳಲ್ಲಿ ಒಂದು "ಬ"ದ ಮೇಲೆ ಇನ್ನೊಂದು "ಬ". ಯಾರೋ ಮುದ್ರೆ ಒಡೆದು, ಮತ್ತೆ ಒತ್ತಿದ್ದಾರೆ. ಅಚ್ಚು ಯಾರ ಬಳಿ ಇತ್ತು?

"ಹೌದು, ಒತ್ತಿದ್ದು ನಾನೇ" ಎಂದನಂತೆ ಶಶಿಕಿರಣ್. "ಬೆಳಿಗ್ಗೆ ನಾಯಿ ಹಾಯ್ದು ಅಳ್ಸಿ ಹಾಕಿತ್ತು. ನಿಮ್ಮ ಹತ್ರ ಬೈಸ್ಕೊಳೋದು ಯಾಕೆ ಅಂತ ಸರಿ ಮಾಡಿಟ್ಟೆ, ಅಷ್ಟೇ."

ಮುರಿದದ್ದನ್ನು ಸರಿಯಾಗಿರುವಂತೆ ಕಾಣಿಸಿದವನ ಮಾತನ್ನು ಯಾರು ನಂಬುತ್ತಾರೆ? ಬಸವರಾಜಪ್ಪನವರು ಅವನನ್ನು ಅವತ್ತೇ ಕೆಲಸ ಬಿಡಿಸಿ ಕಳಿಸಿದರು. ಊಟಕ್ಕೆ ಕೂತಾಗ ಹೇಳಿದರು: "ಪೊಲೀಸ್ನೋರು ಎಂತಕ್ಕೆ? ನಮ್ಮ ಹುಡ್ಗಿ ಫೋನಲ್ಲೇ ಹಿಡಿದ್ಲು." ಅಲ್ಲಿಂದ ಅವಳು ಮನೆಯಲ್ಲೆಲ್ಲ ಇನ್‌ಸ್ಪೆಕ್ಟರ್.

4

"ಮಾವ, ಇದೆಂತ ಬರ್ದಿದೀರಿ?"

(ಲ್ಯಾಪ್‌ಟಾಪಿನ ಪರದೆಯನ್ನು ಭುವನಾ ತನ್ನ ಕಡೆ ತಿರುಗಿಸಿಕೊಂಡಿದ್ದಾಳೆ. ಪಾತ್ರಗಳಿಗೆ ಕರಡು ತೋರಿಸಬಾರದು ಎಂಬ ನಿಯಮವನ್ನು ನಾನು ಪಾಲಿಸುತ್ತಿದ್ದೆ, ಲ್ಯಾಬಿನಲ್ಲಿ ಎರಡನೆಯ ಸ್ಟೂಲು ಇಲ್ಲದಿದ್ದರೆ.)

"ಕತೆ."

"ಅಪ್ಪ ಕೇಳಿದ್ದು ಪೇಜು."

"ಬರ್ತದೆ."

"'ಯಾರು ನಂಬುತ್ತಾರೆ' ಅಂತ ಬರ್ದಿದೀರಲ್ಲ, ಇದು ನಂಬದೇ ಇರೋರು ಬರಿಯೋ ವಾಕ್ಯ ಅಲ್ಲ. ನಿಮ್ಗೆ ಅವ್ನ ಮಾತು ನಿಜ ಅಂತ ಗೊತ್ತಿದ್ದ ಹಾಗಿದೆ."

"ಸುಮ್ನೆ, ಶೈಲಿ."

"ಶೈಲಿ ಅಂತೆ. ಮೂರನೇದ್ರಲ್ಲಿ ಹಸಿ ಕಾಫಿ, ಒಣ ಕಾಫಿ ಅಂತ ಬಿಡಿಸಿ ಬರ್ದಿದೀರಿ. ದೊಡ್ಡಪ್ಪ ಈ ಕತೆ ಹೇಳೋವಾಗ ಮಳೆ ವಿಷಯ ಬರೋದೇ ಇಲ್ಲ. ನಿಮ್ಗೆ ಹೇಗೆ ಗೊತ್ತು?"

ಓದುಗರೇ, ಈ ಜಾಗದಲ್ಲಿ ನಾನು ಅವಳನ್ನು ಕ್ಯಾಂಟೀನಿಗೆ ಕಳಿಸಿ ಕತೆಯನ್ನು ಕಾಪಾಡಿಕೊಳ್ಳಬಹುದಿತ್ತು. ಹಾಗೆ ಒಂದು ಪ್ಯಾರಾ ಬರೆದೂ ಇದ್ದೆ. ಅವಳು ಅದನ್ನು ಅಳಿಸಿದಳು.

5

ಸರಿ.

ಶಶಿಕಿರಣ್ ಚೆನ್ನಾದ ರೈಟರ್. ಹಸಿ ಕಾಫಿ ಚೀಲಕ್ಕೆ ತುಂಬಿದ ದಿನವೇ ಒಂದು ಸ್ಯಾಂಪಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಸ್ಸಿನಲ್ಲಿ ನನಗೆ ಕಳಿಸಿದ್ದ, ಎಷ್ಟು ದಿನ ಒಣಗಿಸಬೇಕು ಎಂದು ಕೇಳಲು. ನಾನು ಅಳೆದೆ: ತೇವ ಶೇ. 16.0. ವಾರದ ನಂತರ ಇಪ್ಪತ್ತಾರು ಚೀಲ ಬಂದವು: ಶೇ. 10.5. ಎರಡೂ ಅಂಕಿ ನನ್ನ ಕೈಬರಹದಲ್ಲಿ, ಒಂದೇ ಪುಟದಲ್ಲಿವೆ.

ನೀರು ಹೋದರೆ ತೂಕ ಹೋಗುತ್ತದೆ. 1400 ಕೆ.ಜಿ. ಕಾಫಿ 16.0ರಿಂದ 10.5ಕ್ಕೆ ಒಣಗಿದರೆ 1314 ಕೆ.ಜಿ. ಆಗುತ್ತದೆ. ಬಂದದ್ದು 1300. ಕಳುವಾಗಿದೆ ಎಂದ ನೂರು ಕೆ.ಜಿ.ಯಲ್ಲಿ ಎಂಬತ್ತಾರು ಕೆ.ಜಿ. ಬಿಸಿಲಿಗೆ ಹೋದ ನೀರು.

ಈ ಲೆಕ್ಕವನ್ನು ನಾನು ಇವತ್ತು ಮಾಡಿದ್ದಲ್ಲ. ಅದೇ ವಾರ, ರಿಜಿಸ್ಟರಿನ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಮಾಡಿದ್ದೆ. ಆಗಲೇ ಶಶಿಕಿರಣ್‌ನನ್ನು ಕಳಿಸಿಯಾಗಿತ್ತು. ಬಸವರಾಜಪ್ಪನವರು ನಮ್ಮ ದೊಡ್ಡ ಗಿರಾಕಿ, ಅಕ್ಕನ ಮನೆಯಲ್ಲಿ ಹಬ್ಬ, ಹುಡುಗಿ ಇನ್‌ಸ್ಪೆಕ್ಟರ್. ಇನ್ನೂ ಹದಿನಾಲ್ಕು ಕೆ.ಜಿ. ಉಳಿದಿತ್ತಲ್ಲ, ಅದನ್ನಾದರೂ ಅವನು ಕದ್ದಿರಬಹುದು ಎಂದುಕೊಂಡೆ. ಹದಿನೇಳು ತಿಂಗಳು ಆ ಹದಿನಾಲ್ಕು ಕೆ.ಜಿ.ಯ ಮೇಲೆ ನೆಮ್ಮದಿಯಾಗಿ ಮಲಗಿದ್ದೇನೆ.

ಭುವನಾ ರಿಜಿಸ್ಟರ್ ಕೇಳಿದಳು. ಕೊಟ್ಟೆ. ಪೆನ್ಸಿಲಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾನು ಈ ಡಿಗ್ರಿ ಕೇಳಿದ್ದು ಆ ಕೇಸಿಂದ" ಎಂದಳು. "ನಂಗೆ ಬರ್ತದೆ ಅಂತ ಗೊತ್ತಾಗಿದ್ದೇ ಅವತ್ತು. ನೀವು ಇವತ್ತು ಹೇಳ್ತಿದೀರಿ. ಲಾಸ್ಟ್ ಡೇಟ್ ದಿನ."

"ಕತೆಯಲ್ಲಿ ಹೇಳೋಣ ಅಂತ..."

"ನಾಚ್ಕೆ ಆಗೋದಿಲ್ವಾ ಮಾವ?"

(ಇದಕ್ಕೆ ಉತ್ತರವಾಗಿ ಮೂರು ಸಾಲು ಬರೆದಿದ್ದೆ. ಮೂರೂ ಚೆನ್ನಾಗಿದ್ದವು, ಅದಕ್ಕೇ ತೆಗೆದೆ.)

7

(ಆರು ಇಲ್ಲ. ಆರರಲ್ಲಿ ನಾನು ನನ್ನನ್ನು ಸಮರ್ಥಿಸಿಕೊಂಡಿದ್ದೆ.)

ಮಧ್ಯಾಹ್ನ 2 ಗಂಟೆ 5 ನಿಮಿಷಕ್ಕೆ ಅವಳು ಶಶಿಕಿರಣ್‌ಗೆ ಫೋನ್ ಮಾಡಿದಳು. ಅವನೀಗ ಕಳಸದ ಒಂದು ಹೋಮ್‌ಸ್ಟೇಯಲ್ಲಿ ಮ್ಯಾನೇಜರ್. ಕಳ್ಳ ಎಂಬ ಮಾತು ಒಂದು ತೋಟದಿಂದ ಇನ್ನೊಂದಕ್ಕೆ ಜೀಪಿಗಿಂತ ಬೇಗ ಹೋಗುತ್ತದೆ. ಮತ್ತೆ ಯಾವ ಎಸ್ಟೇಟಿನವರೂ ಅವನನ್ನು ರೈಟರ್ ಮಾಡಿಕೊಳ್ಳಲಿಲ್ಲ. ಫೋನ್ ಸ್ಪೀಕರಿನಲ್ಲಿತ್ತು.

"ಶಶಿಯಣ್ಣ, ನಾನು ಭುವನಾ."

"ಯಾವ ಭುವನಾ? ಓಹೋ, ಇನ್‌ಸ್ಪೆಕ್ಟರ್ ಮೇಡಮ್ಮಾ! ಈಗ ಎಂತ ಕಳ್ದು ಹೋಯ್ತು?"

"ಏನೂ ಇಲ್ಲ. ಅವತ್ತು ತೂಕ ಇಳಿದಿದ್ದು ಕಾಫಿ ಒಣಗಿ. ಲ್ಯಾಬ್ ರಿಜಿಸ್ಟರಲ್ಲಿದೆ."

"ನಂಗೆ ಗೊತ್ತಿತ್ತಲ್ಲ. ಹಸಿ ಕಟ್ಟಿದ್ದು ಸ್ವಾಮಿ, ಒಣಗಿದ್ರೆ ಇಳೀತದೆ ಅಂತ ಅವತ್ತೇ ಬಡ್ಕೊಂಡೆ. ಕೇಳೋರು ಯಾರು? ಎಲ್ಲಾರೂ ನಿಮ್ಮ ಫೋಟೋ ನೋಡ್ತಾ ಕೂತಿದ್ರು."

"ಆದ್ರೆ ಪೂರ್ತಿ ಅಲ್ಲ ಶಶಿಯಣ್ಣ. ಇನ್ನೂ ಹದಿನಾಲ್ಕು ಕೆ.ಜಿ. ಉಳೀತದೆ."

ಆ ಕಡೆ ಪಾತ್ರೆಯೊಂದನ್ನು ಕುಕ್ಕಿದ ಸದ್ದು.

"ಇದನ್ನ ಹೇಳೋಕೆ ಫೋನ್ ಮಾಡಿದ್ದಾ?"

"ಅಲ್ಲ. ತಪ್ಪಾಯ್ತು ಅಂತ ಹೇಳೋಕೆ."

"ಎರಡ್ರಲ್ಲಿ ಒಂದು ಹೇಳಿ ಭುವನಮ್ಮ."

ಅವಳು ಒಂದನ್ನು ಆರಿಸಲಿಲ್ಲ. ಡಿಗ್ರಿಯ ವಿಷಯ ಹೇಳಿದಳು, ಸೇರಬೇಕೋ ಬೇಡವೋ ಎಂದು ಅವನನ್ನೇ ಕೇಳಿದಳು. ಶಶಿಕಿರಣ್ ನಕ್ಕ.

"ಒಳ್ಳೆ ಆಳನ್ನೇ ಕೇಳಿದ್ರಿ. ಓದದೇ ಇದ್ದಾಗ್ಲೇ ಇಷ್ಟು ಮಾಡಿದ್ರಿ, ಇನ್ನು ಓದಿದ್ರೆ... ಇರಿ, ಗೆಸ್ಟ್ ಬಂದ್ರು."

ಫೋನ್ ಇಟ್ಟ.

ಆ ವಾಕ್ಯವನ್ನು ಹೇಗೆ ಮುಗಿಸೋಣ? "ಓದಿದ್ರೆ ಇನ್ನೆಷ್ಟು ಜನರ ಕೆಲ್ಸ ತೆಗೀತೀರೋ." ಅಥವಾ, "ಓದಿದ್ರೆ ನಾಯಿ ಹೆಜ್ಜೆನೂ ನೋಡೋಕೆ ಕಲೀತೀರಿ." ಮೊದಲನೆಯದು ಡಿಗ್ರಿಯ ವಿರುದ್ಧ, ಎರಡನೆಯದು ಪರ. ನನಗೆ ಎರಡನೆಯದು ಇಷ್ಟ. ಇಷ್ಟ ಎಂಬ ಕಾರಣಕ್ಕೇ ಅದು ಅನುಮಾನಾಸ್ಪದ.

8 (ಮುಕ್ತಾಯಗಳು)

ಅ. ಭುವನಾ ಸೀಟು ಬಿಡುತ್ತಾಳೆ. ಬಿ.ಎಸ್ಸಿ. ಸೇರುತ್ತಾಳೆ. ಯಾರನ್ನೂ ಯಾವತ್ತೂ ಅನುಮಾನಿಸುವುದಿಲ್ಲ.

"ಇದು ಸುಳ್ಳು" ಎಂದಳು. "ನಿಮ್ಮನ್ನ ಅನುಮಾನಿಸ್ತಾ ಇರ್ತೀನಿ."

ಆ. ಸೇರುತ್ತಾಳೆ. ಹತ್ತು ವರ್ಷದ ನಂತರ ದೊಡ್ಡ ಅಧಿಕಾರಿಯಾಗಿ ಕಳಸಕ್ಕೆ ಬರುತ್ತಾಳೆ. ಹೋಮ್‌ಸ್ಟೇಯ ಮುಂದೆ ಜೀಪು ನಿಲ್ಲುತ್ತದೆ.

"ಥೂ. ಆ ಅಣ್ಣ ಹತ್ತು ವರ್ಷ ಅಲ್ಲೇ ಕಾಯ್ತಿರ್ಬೇಕಾ, ನಿಮ್ಮ ಸೀನ್‌ಗೋಸ್ಕರ?"

ಇ. ಹದಿನಾಲ್ಕು ಕೆ.ಜಿ. ಕದ್ದವನು ಬೇರೆಯೇ ಒಬ್ಬ, ಅವನು ಸಿಕ್ಕಿಬೀಳುತ್ತಾನೆ.

ಅವಳು ರಿಜಿಸ್ಟರಿನ ಅಂಚನ್ನೇ ನೋಡುತ್ತಿದ್ದಳು.

"ಮಾವ, 1400 ಅಂದ್ರೆ ಚೀಲ ಸೇರಿನಾ?"

"ಹೂಂ, ಹಾಗೇ ತೂಗೋದು."

"ಚೀಲ ಒಣಗೋದಿಲ್ವಲ್ಲ. ಅದನ್ನ ಕಳೆದಿದೀರಾ?"

ಕಳೆದಿರಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ, ಎಂ.ಎಸ್ಸಿ., ಮೂರು ನಿಮಿಷ ಮುಂದಿರುವ ಗಡಿಯಾರವನ್ನೂ ತಿದ್ದುವ ಮನುಷ್ಯ ಗೋಣಿಚೀಲದ ತೂಕ ಕಳೆದಿರಲಿಲ್ಲ. ಆ ತೋಟದ ಖಾಲಿ ಚೀಲವೊಂದು ಗೋದಾಮಿನಲ್ಲಿತ್ತು. ತಂದು ತೂಗಿದೆವು: 0.9 ಕೆ.ಜಿ. ಅವಳೇ ಲೆಕ್ಕ ಹಾಕಿದಳು, ಎರಡು ಸಲ; ಹದಿನಾಲ್ಕು ಚೂರು ಇಳಿಯಿತು, ಅಷ್ಟೇ. ಆಮೇಲೆ ತೇವ ಅಳೆಯುವ ಮೀಟರಿನ ದೋಷ ಎಷ್ಟು ಎಂದು ಕೇಳಿದಳು. ಶೇ. 0.5 ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು, ಎಂದೆ. ಅದನ್ನೂ ಹಾಕಿದಳು. ಒಂದು ತುದಿಯಲ್ಲಿ ಏನೂ ಕಳುವಾಗಿಲ್ಲ. ಇನ್ನೊಂದು ತುದಿಯಲ್ಲಿ ಅರ್ಧ ಚೀಲಕ್ಕಿಂತ ಹೆಚ್ಚು ಕಾಣೆಯಾಗಿದೆ.

9

4 ಗಂಟೆ 38 ನಿಮಿಷಕ್ಕೆ ಅವಳು ಸೀಟಿನ ಪುಟವನ್ನು ತೆರೆದಿಟ್ಟುಕೊಂಡೇ ದೊಡ್ಡಪ್ಪನಿಗೆ ಫೋನ್ ಮಾಡಿದಳು. ಹಸಿ ತೂಕ, ಒಣ ತೂಕ, ನನ್ನ ಪೆನ್ಸಿಲು, ಎಲ್ಲವನ್ನೂ ಹೇಳಿದಳು. ಬಸವರಾಜಪ್ಪನವರು ತಾಳ್ಮೆಯಿಂದ ಕೇಳಿದರು.

"ಆಯ್ತಮ್ಮ. ಉಳಿದದ್ದು ಯಾರು ಹೊತ್ರು ಹಾಗಾದ್ರೆ? ನೀನೇ ಹೇಳ್ಬೇಕು, ನೀನೇ ಅಲ್ವಾ ಹಿಡ್ದಿದ್ದು."

"ಗೊತ್ತಿಲ್ಲ ದೊಡ್ಡಪ್ಪ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಶಶಿಯಣ್ಣನಿಗೆ ನೀವೇ ಫೋನ್ ಮಾಡ್ಬೇಕು. ನಾನು ಮಾಡಿದ್ದು ಸಾಕಾಗ್ಲಿಲ್ಲ."

ಅವರು ಮಾಡುತ್ತೇನೆ ಎನ್ನಲಿಲ್ಲ, ಮಾಡುವುದಿಲ್ಲ ಎಂದೂ ಅನ್ನಲಿಲ್ಲ. ನಿನ್ನ ಮಾವನಿಗೆ ಫೋನ್ ಕೊಡು, ಎಂದರು. ಅಲ್ಲಿ ನಡೆದ ಮಾತು ನನಗೂ ಅವರಿಗೂ ಸೇರಿದ್ದು. ಮುಂದಿನ ಕೊಯ್ಲಿಗೆ ಅವರ ಕಾಫಿ ನಮ್ಮಲ್ಲಿಗೆ ಬರುವುದು ಅನುಮಾನ.

ನಾನು ಫೋನ್ ವಾಪಸು ಕೊಟ್ಟಾಗ ಐದಕ್ಕೆ ಏಳು ನಿಮಿಷವಿತ್ತು. ಅವಳು ಗುಂಡಿ ಒತ್ತಿದಳೇ? ನಾನು ಎದುರಿಗೇ ಕೂತಿದ್ದೆ, ನೋಡಿದ್ದೇನೆ. ಬರೆಯುವುದಿಲ್ಲ. ಒತ್ತಿದಳು ಎಂದರೆ ನೀವು ನಿಮ್ಮ ಮಗಳನ್ನು ಸೇರಿಸುತ್ತೀರಿ, ಒತ್ತಲಿಲ್ಲ ಎಂದರೆ ಬಿಡಿಸುತ್ತೀರಿ. ಒಂದೇ ಸ್ಯಾಂಪಲಿನ ಮೇಲೆ ನಾನು ಇನ್ನು ಯಾರಿಗೂ ವರದಿ ಕೊಡುವವನಲ್ಲ. ಮಲ್ಲೇಶ್ ಭಾವನಿಗೆ ಬೇಕಾದ ಒಂದು ಪೇಜು ಇನ್ನೂ ಖಾಲಿಯೇ ಇದೆ.

ರಿಜಿಸ್ಟರಿನ ಅಂಚಿನಲ್ಲಿದ್ದ ನನ್ನ ಪೆನ್ಸಿಲ್ ಲೆಕ್ಕವನ್ನು ಭುವನಾ ಅಳಿಸಲು ಬಿಡಲಿಲ್ಲ. ಅದರ ಕೆಳಗೆ ಪೆನ್ನಿನಲ್ಲಿ ಇವತ್ತಿನ ತಾರೀಕು ಹಾಕಿಸಿ, ನನ್ನಿಂದಲೇ ಬರೆಸಿ, ಸಹಿ ಮಾಡಿಸಿದಳು: ಕಾರಣ ತಿಳಿಯದ ತೂಕ, 13.7 ಕಿಲೋಗ್ರಾಂ.